ವಿದ್ಯುತ್ ಸುರಕ್ಷತಾ ಪರಿವೀಕ್ಷಣೆ: ಯಾದಗಿರಿ, ಶಹಾಪುರ, ಸುರಪುರ

ಮನೆ, ಬಾಡಿಗೆ ಕೋಣೆ, ಅಂಗಡಿ, ಗಿರಣಿಗಳ ವೈರಿಂಗ್ ಶಾಕ್ ಹೊಡೆಯದಂತೆ, ಬೆಂಕಿ ಹತ್ತದಂತೆ ಇದೆಯೇ ಎಂದು ಕಣ್ಣಿನಿಂದಲೂ ಮಾಪಕಗಳಿಂದಲೂ ಪರೀಕ್ಷಿಸುವ ಕೆಲಸಕ್ಕೆ ವಿದ್ಯುತ್ ಸುರಕ್ಷತಾ ಪರಿವೀಕ್ಷಣೆ ಎಂದು ಹೆಸರು. 2009ರ ಡಿಸೆಂಬರ್ 30ರಂದು ಗುಲಬರ್ಗಾದಿಂದ ಬೇರೆಯಾದ ಯಾದಗಿರಿ ಜಿಲ್ಲೆಯ ಮೂರು ಹಳೆಯ ತಾಲೂಕುಗಳಲ್ಲಿ, ಅಂದರೆ ಯಾದಗಿರಿ, ಶಹಾಪುರ ಮತ್ತು ಸುರಪುರಗಳಲ್ಲಿ, ಈ ಕೆಲಸಕ್ಕೆ ಕಾಯ್ದೆಯ ಬಲಕ್ಕೇನೂ ಕೊರತೆಯಿಲ್ಲ. ಆದರೆ ಮನೆಯ ಮಟ್ಟಿಗೆ ಆ ಬಲ ಮೀಟರ್ ಬೋರ್ಡಿನವರೆಗೆ ಬಂದು ನಿಂತುಬಿಡುತ್ತದೆ. ಹೊಸ ಸಂಪರ್ಕ ಕೊಡುವ ದಿನ ಒಮ್ಮೆ ಒಳಗೆ ಇಣುಕಿದ ವ್ಯವಸ್ಥೆ ಮತ್ತೆ ಒಳಗೆ ಬರುವುದು ಸಾಮಾನ್ಯವಾಗಿ ಅಪಘಾತವಾದ ಮೇಲೆಯೇ. ಆ ಎರಡು ದಿನಗಳ ನಡುವಿನ ಇಪ್ಪತ್ತು-ಮೂವತ್ತು ವರ್ಷ ನೋಡುವವರು ಯಾರು ಎಂಬುದು ಇಲ್ಲಿನ ನಿಜವಾದ ಪ್ರಶ್ನೆ.

ಹಿನ್ನೆಲೆ

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಹರಿದಾಗ ಈ ಮೂರು ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಹಳೆಯ ಮೈಸೂರು ಸೀಮೆ ಬಹು ಮುಂಚೆ ಕಂಡ ಬೆಳಕು ಇಲ್ಲಿನ ಹಳ್ಳಿಗಳಿಗೆ ತಲುಪಿದ್ದು ಹೆಚ್ಚಾಗಿ ಏಕೀಕರಣದ ನಂತರ, 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿಯ ಕಾಲದಲ್ಲಿ. ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಬಂತು. 2002ರ ಜೂನ್‌ನಿಂದ ಕಲಬುರಗಿಯಲ್ಲಿ ಕೇಂದ್ರ ಕಚೇರಿಯಿರುವ ಜೆಸ್ಕಾಂ ಈ ಭಾಗಕ್ಕೆ ವಿದ್ಯುತ್ ಹಂಚುತ್ತಿದೆ. ಜನರ ಬಾಯಲ್ಲಿ ಮಾತ್ರ ಅದಿನ್ನೂ ‘ಕೆಇಬಿ’.

ಈ ಇತಿಹಾಸವನ್ನು ಗೋಡೆಯ ಮೇಲೆಯೇ ಓದಬಹುದು. ಸುರಪುರದ ಹಳೆಯ ಓಣಿಗಳ ಕಲ್ಲುಮನೆ, ಮಣ್ಣಿನ ಮಾಳಿಗೆಗಳಲ್ಲಿ ಮರದ ಪಟ್ಟಿಗೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ಬ್ಯಾಟನ್ ವೈರಿಂಗ್, ಕಪ್ಪು ಬೇಕಲೈಟ್ ಸ್ವಿಚ್ಚು, ಪಿಂಗಾಣಿ ಫ್ಯೂಸು ಇನ್ನೂ ಸಿಗುತ್ತವೆ. ಆಮೇಲಿನ ಪದರ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿಯದು. ಶಹಾಪುರ, ಯಾದಗಿರಿಯ ಹೊಸ ಬಡಾವಣೆಗಳ ಆರ್‌ಸಿಸಿ ಮನೆಗಳಲ್ಲಿ ಪೈಪು ಗೋಡೆಯೊಳಗೆ ಹೂತು ಹೋಗಿದೆ. ಎಷ್ಟೋ ಮನೆಗಳಲ್ಲಿ ಮೂರೂ ಪದರಗಳಿವೆ: ಪಡಸಾಲೆಗೆ ಅಜ್ಜನ ಕಾಲದ ಬ್ಯಾಟನ್, ಮಗ ಕಟ್ಟಿಸಿದ ಕೋಣೆಗೆ ಕೇಸಿಂಗ್, ಮೇಲಂತಸ್ತಿಗೆ ಒಳಪೈಪು. ಮೂರಕ್ಕೂ ಮೂಲ ಒಂದೇ ಫ್ಯೂಸ್ ಕಟೌಟು. ಎರಡು ಬಲ್ಬು, ಒಂದು ರೇಡಿಯೊ ನೆಚ್ಚಿ ಎಳೆದ ತಂತಿಯ ಮೇಲೆ ಈಗ ಫ್ರಿಜ್ಜು, ಮಿಕ್ಸಿ, ಕೂಲರ್, ಬೋರಿನ ಮೋಟರ್ ಎಲ್ಲವೂ ಕೂತಿವೆ. ಹೊರಗಿನಿಂದ ತಂತಿ ಗಟ್ಟಿಯಾಗೇ ಕಾಣುತ್ತದೆ. ಬೆರಳಲ್ಲಿ ಬಗ್ಗಿಸಿದರೆ ಅದರ ರಬ್ಬರು ಹಪ್ಪಳದಂತೆ ಪುಡಿಯಾಗುತ್ತದೆ.

ಕಾಯ್ದೆ ಮತ್ತು ಅಧಿಕಾರಿಗಳು

1910ರ ಭಾರತೀಯ ವಿದ್ಯುಚ್ಛಕ್ತಿ ಕಾಯ್ದೆ ಮತ್ತು 1956ರ ನಿಯಮಗಳ ಜಾಗದಲ್ಲಿ ಈಗ 2003ರ ವಿದ್ಯುಚ್ಛಕ್ತಿ ಕಾಯ್ದೆ ಇದೆ. ಅದರ 162ನೇ ಕಲಮು ವಿದ್ಯುತ್ ಪರಿವೀಕ್ಷಕರ ನೇಮಕಕ್ಕೆ ಸಂಬಂಧಿಸಿದ್ದು. ಸುರಕ್ಷತೆಯ ವಿವರಗಳನ್ನು ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ವಿನಿಯಮಗಳಾಗಿ ಹೊರಡಿಸಿತು, 2023ರಲ್ಲಿ ಅವನ್ನು ಹೊಸದಾಗಿ ಬರೆಯಿತು. ಕರ್ನಾಟಕದಲ್ಲಿ ಇದರ ಹೊಣೆ ಇಂಧನ ಇಲಾಖೆಯ ಅಡಿಯಲ್ಲಿರುವ ವಿದ್ಯುತ್ ಪರಿವೀಕ್ಷಣಾಲಯದ್ದು, ಅದರ ತಲೆಯಲ್ಲಿ ಮುಖ್ಯ ವಿದ್ಯುತ್ ಪರಿವೀಕ್ಷಕರು. ಕರೆಂಟು ಮಾರುವ ಸಂಸ್ಥೆಯೇ ಬೇರೆ, ಅದನ್ನೂ ಗ್ರಾಹಕನನ್ನೂ ಒಟ್ಟಿಗೆ ಪ್ರಶ್ನಿಸಬಲ್ಲ ಪರಿವೀಕ್ಷಕರೇ ಬೇರೆ. ಜನಸಾಮಾನ್ಯರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿದಿಲ್ಲ. ಕಂಬ ಏರುವ ಲೈನ್‌ಮನ್ನಿನಿಂದ ಹಿಡಿದು ಎಲ್ಲರೂ ಒಂದೇ ಕಚೇರಿಯವರು ಎಂದೇ ನಂಬಿಕೆ.

ಈ ವಿನಿಯಮಗಳ ಪ್ರಕಾರ ಈಗಾಗಲೇ ಬಳಕೆಯಲ್ಲಿರುವ ಸ್ಥಾವರಗಳನ್ನು ಐದು ವರ್ಷಕ್ಕೆ ಮೀರದಂತೆ ಮತ್ತೆ ಮತ್ತೆ ಪರೀಕ್ಷಿಸಬೇಕು. ಸರ್ಕಾರ ಅಧಿಸೂಚಿಸಿದ ವೋಲ್ಟೇಜಿಗಿಂತ ಮೇಲಿನವು ಪರಿವೀಕ್ಷಕರ ಪಾಲಿಗೆ. ಅದರ ಕೆಳಗಿನವನ್ನು ಮಾಲೀಕನೇ ಪರೀಕ್ಷಿಸಿ ಸ್ವಯಂ ದೃಢೀಕರಿಸಬೇಕು. 2018ರ ತಿದ್ದುಪಡಿ ಇದಕ್ಕೆ ನೆರವಾಗಲೆಂದು ‘ಚಾರ್ಟರ್ಡ್ ವಿದ್ಯುತ್ ಸುರಕ್ಷತಾ ಎಂಜಿನಿಯರ್’ ಎಂಬ ಹೊಸ ವರ್ಗವನ್ನು ಸೇರಿಸಿತು. ಮನೆಗಳೆಲ್ಲ ಸ್ವಯಂ ದೃಢೀಕರಣದ ಪಾಲಿಗೆ ಬಿದ್ದವು. ಶಹಾಪುರದ ಒಬ್ಬ ಮನೆಯಜಮಾನ ಐದು ವರ್ಷಕ್ಕೊಮ್ಮೆ ತನ್ನ ಮನೆಯ ವೈರಿಂಗಿಗೆ ತಾನೇ ಪ್ರಮಾಣಪತ್ರ ಬರೆದುಕೊಳ್ಳುವುದನ್ನು ಊಹಿಸಿಕೊಳ್ಳುವುದು ಕಷ್ಟ.

ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರ, ಪರವಾನಗಿ ಪಡೆದ ವೈರ್‌ಮನ್ ಮೂಲಕವೇ ಮಾಡಿಸಬೇಕು. ಕೆಲಸ ಮುಗಿದ ಮೇಲೆ ಗುತ್ತಿಗೆದಾರನ ಸಹಿಯ ಪರೀಕ್ಷಾ ವರದಿ ಕೊಟ್ಟರೆ ಸಂಪರ್ಕ ಸಿಕ್ಕು ಅದರ ಗುರುತಿನ ಸಂಖ್ಯೆಯಾದ ಆರ್.ಆರ್. ನಂಬರ್ ಬೀಳುತ್ತದೆ. ಸಹಿ ಒಬ್ಬರದು, ಕೈ ಇನ್ನೊಬ್ಬರದು ಆಗುವುದುಂಟು. ಬಲ್ಬು, ಫ್ಯಾನು, ಸ್ವಿಚ್ಚು, ಫ್ಯೂಸುಗಳ ಬದಲಾವಣೆಗೆ ಮಾತ್ರ ವಿನಾಯಿತಿ. ಈ ವಿನಾಯಿತಿಯ ಬಾಗಿಲಿನಿಂದಲೇ, ವರ್ಷಗಳು ಉರುಳಿದಂತೆ, ಇಡೀ ಮನೆಯ ವೈರಿಂಗು ಒಂದೊಂದೇ ತುಂಡಾಗಿ ಬದಲಾಗಿ ಹೋಗುತ್ತದೆ.

ಪರೀಕ್ಷೆ ನಡೆಯುವ ಬಗೆ

ಸರಿಯಾಗಿ ನಡೆದರೆ ಒಂದು ಸಾಧಾರಣ ಮನೆಯ ಪರೀಕ್ಷೆಗೆ ಒಂದೆರಡು ಗಂಟೆ ಸಾಕು. ಮೊದಲ ಅರ್ಧ ಕಣ್ಣಿನ ಕೆಲಸ. ಕಟೌಟಿನಲ್ಲಿ ಫ್ಯೂಸ್ ತಂತಿಯ ಬದಲು ತಾಮ್ರದ ಎಳೆ ಸುತ್ತಿದ್ದಾರೆಯೇ? ಬೋರ್ಡಿನ ಪ್ಲಾಸ್ಟಿಕ್ಕು ಕಂದಿ ಬಗ್ಗಿದೆಯೇ? ಬಚ್ಚಲದಲ್ಲಿ ಕೈಗೆಟಕುವಲ್ಲಿ ಸ್ವಿಚ್ಚಿದೆಯೇ? ಬಟ್ಟೆ ಒಣಹಾಕುವ ತಂತಿಯ ಒಂದು ತುದಿ ಮೀಟರ್ ಹಲಗೆಯ ಮೊಳೆಗೋ ಸರ್ವಿಸ್ ಪೈಪಿಗೋ ಬಿಗಿದಿದೆಯೇ? ಕೊನೆಯದು ನಮ್ಮ ಕಡೆಯ ಪರೀಕ್ಷಕರು ಮರೆಯಬಾರದ ಪ್ರಶ್ನೆ. ಪೈಪಿನೊಳಗೆ ಸವೆದ ವೈರು ಪೈಪಿಗೆ, ಪೈಪು ಬಟ್ಟೆಯ ತಂತಿಗೆ, ತಂತಿ ಹಸಿ ಸೀರೆಗೆ, ಸೀರೆ ಹೆಣ್ಣುಮಗಳ ಕೈಗೆ ಕರೆಂಟು ದಾಟಿಸುತ್ತದೆ.

ಆಮೇಲೆ ತಂತಿಯ ಹೊದಿಕೆಯ ನಿರೋಧ ಅಳೆಯುವ ಮೆಗ್ಗರ್. ಮೇನ್ ಇಳಿಸಿ, ಉಪಕರಣಗಳ ಪ್ಲಗ್ ಕಿತ್ತು, ಫೇಸ್ ತಂತಿಗೂ ನೆಲಕ್ಕೂ ನಡುವೆ 500 ವೋಲ್ಟಿನ ಡಿ.ಸಿ. ಒತ್ತಡ ಒಂದು ನಿಮಿಷ ಕೊಟ್ಟು ನಿರೋಧವನ್ನು ಅಳೆಯುತ್ತಾರೆ. ಕನಿಷ್ಠ ಒಂದು ಮೆಗಾಓಮ್ ಬರಬೇಕು. ಹೊಸ ಮನೆಯಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ನೆನೆದಾಗ ಅದೇ ಬ್ಯಾಟನ್ ವೈರಿಂಗಿನ ಅಳತೆ ಇಳಿದುಬಿಡುತ್ತದೆ. ಹಾಗಾಗಿ ಬೇಸಿಗೆಯಲ್ಲಿ ತೆಗೆದ ಒಂದು ಅಳತೆಯನ್ನೇ ನಂಬಿ ಕೂರುವಂತಿಲ್ಲ. ಸ್ವಿಚ್ಚು ಫೇಸಿಗೆ ಇದೆಯೋ ನ್ಯೂಟ್ರಲ್‌ಗೆ ಇದೆಯೋ ಎಂಬುದನ್ನೂ ನೋಡಬೇಕು. ನ್ಯೂಟ್ರಲ್‌ಗೆ ಸ್ವಿಚ್ಚು ಕೂತಿದ್ದರೆ, ದೀಪ ಆರಿಸಿ ಬಲ್ಬು ಬದಲಿಸಲು ಹೋದವನ ಬೆರಳಿಗೆ ಹೋಲ್ಡರಿನ ಪಿನ್ನಿನಲ್ಲಿ ಫೇಸು ಕಾದಿರುತ್ತದೆ. ಜೇಬಿನ ಟೆಸ್ಟರ್ ಒಂದನ್ನೇ ನಂಬಿದ ವೈರ್‌ಮನ್ನು ಇವೆಲ್ಲವನ್ನೂ ಹಿಡಿಯಲಾರ.

ಕೊನೆಗೆ ಆರ್‌ಸಿಸಿಬಿ. ಊರಲ್ಲಿ ಇದಕ್ಕೆ ‘ಇಎಲ್‌ಸಿಬಿ’ ಎಂಬ ಹಳೆಯ ಹೆಸರೇ ಉಳಿದಿದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಹಿಂದಿರುಗದಿದ್ದರೆ, ಅಂದರೆ ನಡುವೆ ಎಲ್ಲೋ ನೆಲಕ್ಕೆ ಸೋರುತ್ತಿದ್ದರೆ, ಇದು ಕಣ್ಣು ಮಿಟುಕಿಸುವುದರೊಳಗೆ ಮನೆಯನ್ನು ಕತ್ತಲು ಮಾಡುತ್ತದೆ. ಮನೆಗಳಿಗೆ 30 ಮಿಲಿಆಂಪಿಯರಿನದು ಬೇಕು. ಫ್ಯೂಸು ಮತ್ತು ಲೋಡು ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಗಳ ಕೆಲಸ ಬೇರೆ. ಅವು ಕಾಯುವುದು ತಂತಿಯನ್ನು. ಮನುಷ್ಯನ ಜೀವ ತೆಗೆಯಲು ಅರ್ಧ ಆಂಪಿಯರೂ ಬೇಡ, ಐದು ಆಂಪಿಯರಿನ ಫ್ಯೂಸಿಗೆ ಅದು ಗೊತ್ತೂ ಆಗುವುದಿಲ್ಲ. ಆರ್‌ಸಿಸಿಬಿಯ ಮೇಲಿರುವ ‘ಟಿ’ ಗುಂಡಿಯನ್ನು ಆಗಾಗ ಒತ್ತಿ ಅದು ಬೀಳುತ್ತದೆಯೇ ನೋಡಬೇಕು. ‘ಪದೇ ಪದೇ ಬೀಳ್ತದ’ ಎಂದು ಅದನ್ನು ತಪ್ಪಿಸಿ ನೇರ ಜೋಡಿಸುವ ರೂಢಿಯೂ ಇದೆ. ಪದೇ ಪದೇ ಬೀಳುವುದು ಮನೆಯೊಳಗೆ ಎಲ್ಲೋ ಸೋರಿಕೆ ಇದೆ ಎಂಬುದರ ಗುರುತು.

ಎರೆ ಮತ್ತು ಬಂಡೆ

ಕರ್ನಾಟಕದ ಬೇರೆ ಕಡೆಗಿಂತ ಇಲ್ಲಿನ ಪರಿವೀಕ್ಷಣೆ ಬೇರೆಯಾಗುವುದು ನೆಲದ ಕಾರಣಕ್ಕೆ. ಭೀಮಾ-ಕೃಷ್ಣಾ ಬಯಲಿನ ಎರೆಭೂಮಿ ಮಳೆಗಾಲದಲ್ಲಿ ವಿದ್ಯುತ್ತಿಗೆ ಒಳ್ಳೆಯ ದಾರಿ. ಸೋರಿದ ಕರೆಂಟನ್ನು ನೆಲಕ್ಕಿಳಿಸಲೆಂದು ಹಸಿ ಎರೆಯಲ್ಲಿ ಹೂತ ಅರ್ತಿಂಗ್ ಪೈಪು ಅದನ್ನು ಸರಾಗವಾಗಿ ನುಂಗುತ್ತದೆ. ಮಾರ್ಚ್ ದಾಟಿದರೆ ಅದೇ ಮಣ್ಣು ಬಿರಿಯುತ್ತದೆ, ಅಂಗೈ ತೂರುವಷ್ಟು ಬಿರುಕು ಬಿಡುತ್ತದೆ, ಪೈಪಿನ ಮೈಯಿಂದ ದೂರ ಸರಿಯುತ್ತದೆ. ಪೈಪು ಹೂತಲ್ಲೇ ಇದ್ದರೂ ಅದಕ್ಕೂ ಮಣ್ಣಿಗೂ ನಡುವೆ ಗಾಳಿ. ಇತ್ತ ಶಹಾಪುರದ ಬೆಟ್ಟದ ಬುಡ, ಸುರಪುರದ ಗುಡ್ಡಗಳ ನಡುವಿನ ಊರು ಕಲ್ಲುಬಂಡೆಯ ನೆಲ. ಅಲ್ಲಿ ಕುಣಿ ತೋಡುವುದೇ ಕಷ್ಟ, ಎರಡು ಅಡಿಗೆ ಹಾರೆ ಠಣ್ಣೆನ್ನುತ್ತದೆ.

ಭಾರತೀಯ ಮಾನಕ 3043ರ ಪ್ರಕಾರ ಪೈಪ್ ಅರ್ತಿಂಗಿಗೆ 40 ಮಿ.ಮೀ. ವ್ಯಾಸದ ಜಿ.ಐ. ಪೈಪು ಎರಡೂವರೆ ಮೀಟರ್ ಆಳಕ್ಕೆ ಇಳಿಯಬೇಕು. ಸುತ್ತ ಇದ್ದಿಲು, ಉಪ್ಪಿನ ಪದರ, ಮೇಲೆ ನೀರು ಹಾಕಲು ಆಲಿಕೆ, ಗೋಡೆಯಿಂದ ಒಂದೂವರೆ ಮೀಟರ್ ದೂರ. ಮನೆ ಕಟ್ಟುವಾಗ ಸಿಮೆಂಟು, ಕಬ್ಬಿಣ, ಟೈಲ್ಸುಗಳ ಲೆಕ್ಕದಲ್ಲಿ ಇದು ಕೊನೆಯ ಸಾಲು. ಅಂಗಳಕ್ಕೆ ಫರ್ಸಿ ಹಾಸಿದ ಮೇಲೆ ಕುಣಿಯ ಬಾಯಿ ಮುಚ್ಚಿಹೋಗುತ್ತದೆ. ನೀರು ಹಾಕುವ ನೆನಪು ಯಾರಿಗೂ ಉಳಿಯುವುದಿಲ್ಲ.

ಒಂದು ಸಣ್ಣ ಲೆಕ್ಕ ಇದರ ಅಪಾಯವನ್ನು ತೋರಿಸುತ್ತದೆ. ಕಬ್ಬಿಣದ ಮೈಯ ಯಂತ್ರಕ್ಕೆ ಫೇಸ್ ತಂತಿ ತಾಗಿತು ಎನ್ನಿ. ಅರ್ತಿಂಗಿನ ದಾರಿಯ ನಿರೋಧ 5 ಓಮ್ ಇದ್ದರೆ 230 ವೋಲ್ಟು 46 ಆಂಪಿಯರ್ ಹರಿಸುತ್ತದೆ, 16 ಆಂಪಿಯರಿನ ಎಂಸಿಬಿ ಕೊಂಚ ತಡವಾಗಿಯಾದರೂ ಬೀಳುತ್ತದೆ. ಬಿಸಿಲಿಗೆ ನೆಲ ಒಣಗಿ ನಿರೋಧ 50 ಓಮ್‌ಗೆ ಏರಿದರೆ ಹರಿಯುವುದು ಐದು ಆಂಪಿಯರಿಗೂ ಕಡಿಮೆ. ಎಂಸಿಬಿ ಅದನ್ನು ಮನೆಯ ಮಾಮೂಲಿ ಲೋಡು ಎಂದುಕೊಂಡು ಸುಮ್ಮನಿರುತ್ತದೆ. ಯಂತ್ರದ ಮೈಯಲ್ಲಿ ಕರೆಂಟು ತುಂಬಿಕೊಂಡು ಯಾರಾದರೂ ಮುಟ್ಟುವುದನ್ನು ಕಾಯುತ್ತದೆ. ಅರ್ತಿಂಗ್ ಇದೆ ಎಂಬ ಧೈರ್ಯ ಅರ್ತಿಂಗ್ ಇಲ್ಲದ ಮನೆಗಿಂತ ಕೆಟ್ಟದ್ದಾಗಬಹುದು. ಆದ್ದರಿಂದ ಈ ಪ್ರದೇಶದಲ್ಲಿ ಅರ್ತಿಂಗಿನ ಅಳತೆಯನ್ನು ಏಪ್ರಿಲ್-ಮೇ ತಿಂಗಳಲ್ಲಿ ತೆಗೆಯುವುದೇ ಸರಿ, ಮತ್ತು ಇಂಥ ನೆಲದಲ್ಲಿ ಆರ್‌ಸಿಸಿಬಿಗೆ ಬದಲಿಯೇ ಇಲ್ಲ. ಅಳತೆಯ ಸಲಕರಣೆಯ ಮೊಳೆಗಳನ್ನು ದೂರ ದೂರ ನೆಲಕ್ಕೆ ಹೊಡೆಯಬೇಕು. ಸುರಪುರದ ಇಕ್ಕಟ್ಟು ಓಣಿಯಲ್ಲಿ ಅದಕ್ಕೆ ಜಾಗವೇ ಸಿಗದು.

ಗ್ರಾಹಕನ ಆವರಣದಲ್ಲಿ, ಸಂಪರ್ಕ ಶುರುವಾಗುವಲ್ಲಿ, ಬಳಕೆಗೆ ಯೋಗ್ಯವಾದ ಅರ್ತ್ ಟರ್ಮಿನಲ್ ಒದಗಿಸುವುದು ಸರಬರಾಜುದಾರನ ಕರ್ತವ್ಯ ಎಂದು ವಿನಿಯಮಗಳು ಹೇಳುತ್ತವೆ. ಇದನ್ನು ಕೇಳಿ ಪಡೆದ ಗ್ರಾಹಕರು ಎಷ್ಟು ಮಂದಿಯೋ!

ಕೂಲರ್

ಯಾದಗಿರಿಯ ಬೇಸಿಗೆ 40 ಡಿಗ್ರಿ ದಾಟುವುದು ಮಾಮೂಲು. ಹೋಳಿ ಹುಣ್ಣಿಮೆ ಕಳೆಯುತ್ತಲೇ ಅಟ್ಟದಿಂದ ಕೂಲರ್ ಇಳಿಯುತ್ತದೆ. ತಗಡಿನ ಮೈ, ಮೂರು ಬದಿಗೆ ಹುಲ್ಲಿನ ಜಾಳಿಗೆ, ಒಳಗೆ ಫ್ಯಾನು, ಕೆಳಗಿನ ತೊಟ್ಟಿಯ ನೀರಿನಲ್ಲಿ ಮುಳುಗಿದ ಅಂಗೈಯಗಲದ ಪಂಪು. ನೀರು, ತಗಡು, ಕರೆಂಟು ಒಂದೇ ಪೆಟ್ಟಿಗೆಯಲ್ಲಿ. ಎಂಟು ತಿಂಗಳು ಒಣಗಿ ಬಿದ್ದ ಪಂಪಿನ ಮುಚ್ಚಳ ಸೀಳಿರುತ್ತದೆ, ಇಲಿ ವೈರು ಕಡಿದಿರುತ್ತದೆ. ಪ್ಲಗ್ಗಿನ ಮೂರನೆಯ ಪಿನ್ನು ಬೋರ್ಡಿಗೆ ಕೂರುವುದಿಲ್ಲವೆಂದು ಯಾರೋ ಅದನ್ನು ಮುರಿದಿರುತ್ತಾರೆ. ಉಳಿದೆರಡಕ್ಕಿಂತ ಅದನ್ನು ಉದ್ದ, ದಪ್ಪವಾಗಿ ಮಾಡಿರುವುದೇ ಎಲ್ಲಕ್ಕಿಂತ ಮೊದಲು ನೆಲದ ಸಂಬಂಧ ಕೂಡಲಿ, ಎಲ್ಲಕ್ಕಿಂತ ಕೊನೆಗೆ ಬಿಡಲಿ ಎಂದು.

ನಡುಮಧ್ಯಾಹ್ನ ತೊಟ್ಟಿ ಖಾಲಿಯಾಗುತ್ತದೆ. ಬರಿಗಾಲಲ್ಲಿ, ಹಸಿ ಫರ್ಸಿಯ ಮೇಲೆ ನಿಂತು, ಕೂಲರ್ ಆರಿಸದೆ ಕೊಡದಿಂದ ನೀರು ಸುರಿಯುವುದು ಇಲ್ಲಿನ ಪ್ರತಿ ಓಣಿಯ ದೃಶ್ಯ. ‘ಮುಟ್ಟಿದ್ರ ಸಣ್ಣಗ ಜುಮ್ ಅಂತದ್ರೀ’ ಎಂದು ನಗುತ್ತಾ ಹೇಳುವವರಿದ್ದಾರೆ. ಆ ಜುಮ್ಮೆನ್ನುವುದೇ ಪರಿವೀಕ್ಷಣೆಯ ಮೊದಲ ವರದಿ. ಹಾಗೆ ಹೇಳುವವರು ಜುಮ್ಮೆಂದ ದಿನ ಚಪ್ಪಲಿ ಮೆಟ್ಟಿದ್ದರು, ಅದಕ್ಕೇ ಉಳಿದರು, ಅಷ್ಟೇ. ವರ್ಷಕ್ಕೊಮ್ಮೆ ಕೂಲರ್ ಇಳಿಸುವ ದಿನ ವೈರ್‌ಮನ್ನನ್ನು ಕರೆಸಿ ಪಂಪಿಗೂ ಮೈಗೂ ಮೆಗ್ಗರ್ ಹಿಡಿಸಿದರೆ ಇಡೀ ಮನೆಯ ಪರೀಕ್ಷೆಯ ಅರ್ಧ ಫಲ ಅಲ್ಲೇ ಸಿಗುತ್ತದೆ. ಸ್ನಾನದ ನೀರಿಗೆ ಬಕೆಟ್ಟಿನಲ್ಲಿ ಇಳಿಬಿಡುವ ಹೀಟರ್ ರಾಡಿನ ಅಪಾಯವೂ ಇಂಥದ್ದೇ, ಅದನ್ನು ಚಳಿಗಾಲದ ಕೂಲರ್ ಎನ್ನಬಹುದು.

ಬಾಡಿಗೆ ಮನೆ

ಬಾಡಿಗೆ ಮನೆಯ ವೈರಿಂಗು ಎರಡು ಮನೆಯ ನೆಂಟನಂತೆ ಉಪವಾಸ. ಮಾಲೀಕನಿಗೆ ಅದರಲ್ಲಿ ವಾಸವಿಲ್ಲ, ಬಾಡಿಗೆಯವನಿಗೆ ಅದರ ಮೇಲೆ ಹಕ್ಕಿಲ್ಲ. ಇಂಗ್ಲೆಂಡಿನಲ್ಲಿ 2020ರ ಜುಲೈನಿಂದ ಹೊಸ ಬಾಡಿಗೆಗಳಿಗೂ 2021ರ ಏಪ್ರಿಲ್‌ನಿಂದ ಹಳೆಯವಕ್ಕೂ ಅನ್ವಯಿಸುವಂತೆ, ಮಾಲೀಕ ಐದು ವರ್ಷಕ್ಕೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಿ ವರದಿಯ ಪ್ರತಿಯನ್ನು ಬಾಡಿಗೆಯವನ ಕೈಗೆ ಕೊಡಲೇಬೇಕು. ನಮ್ಮಲ್ಲಿ ಬಾಡಿಗೆ ಕರಾರಿನಲ್ಲಿ ಲೈಟ್ ಬಿಲ್ ಯಾರದೆಂಬ ಸಾಲು ತಪ್ಪದೆ ಇರುತ್ತದೆ, ಅರ್ತಿಂಗ್ ಇದೆಯೇ ಎಂಬ ಸಾಲು ಇರುವುದಿಲ್ಲ.

ಬಸ್ ನಿಲ್ದಾಣದ ಸುತ್ತಲಿನ ಓಣಿಗಳಲ್ಲಿ ಒಂದೇ ಆರ್.ಆರ್. ನಂಬರಿನಿಂದ ನಾಲ್ಕಾರು ಕೋಣೆಗಳಿಗೆ ಸಬ್‌ಮೀಟರ್ ಹಾಕಿ ಕರೆಂಟು ಹಂಚುವುದು ಸಾಮಾನ್ಯ. ಪಡೆದ ಲೋಡು ಒಂದು ಮನೆಯದು, ಉರಿಯುವುದು ನಾಲ್ಕು ಮನೆಯದು. ಓದುವ ಹುಡುಗರ ಕೋಣೆಗಳಲ್ಲಿ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಕರೆಂಟ್ ಒಲೆ, ಇಸ್ತ್ರಿ ಪೆಟ್ಟಿಗೆ, ನಾಲ್ಕು ಮೊಬೈಲು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ವರೆಗೆ ಗೃಹಬಳಕೆಯನ್ನು ಉಚಿತ ಮಾಡಿತು, ಬಾಡಿಗೆದಾರರನ್ನೂ ಒಳಗೊಂಡಿತು. ಬೇರೆ ಮೀಟರ್ ಇದ್ದರೆ ಮಾತ್ರ ಅದರ ಪೂರ್ಣ ಲಾಭ. ಹೊಸ ಮೀಟರಿಗೆ ಹೊಸ ಪರೀಕ್ಷಾ ವರದಿ ಬೇಕಾಗುವುದರಿಂದ, ಸುರಕ್ಷತೆಗೆಂದು ಬಾರದ ಈ ಯೋಜನೆ ಕೆಲವು ಗೋಡೆಗಳನ್ನಾದರೂ ಮರುಪರೀಕ್ಷೆಗೆ ತಳ್ಳುವ ಸಾಧ್ಯತೆ ತೆರೆದಿದೆ.

ಅಂಗಡಿ, ಗಿರಣಿ, ಜಾತ್ರೆ

ವ್ಯಾಪಾರದ ಸ್ಥಳಗಳಲ್ಲಿ ಪರಿವೀಕ್ಷಕರ ಕೈ ಹೆಚ್ಚು ಉದ್ದ. ಚಿತ್ರಮಂದಿರ, ಲಿಫ್ಟು, ಜನರೇಟರ್, ಸ್ವಂತ ಟ್ರಾನ್ಸ್‌ಫಾರ್ಮರ್ ಇರುವ ಕಾರ್ಖಾನೆಗಳೆಲ್ಲ ಅವರ ಕಣ್ಣಳವಿಗೆ ಬರುತ್ತವೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಟ್ರಾನ್ಸ್‌ಫಾರ್ಮರ್ ಬೆಂಕಿಯ ಹೊಗೆಗೆ 59 ಜನ ಸತ್ತರು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ತಂತಿಗಳ ಕೊಳವೆಯಿಂದ ಎದ್ದ ಹೊಗೆಗೆ ಒಂಬತ್ತು ಜನ ಬಲಿಯಾದರು. ಎರಡರಲ್ಲೂ ಜೀವ ತೆಗೆದದ್ದು ಮುಖ್ಯವಾಗಿ ಹೊಗೆ. ಅಂಗಡಿಯ ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಅದರ ಮುಂದೆ ರಟ್ಟಿನ ಪೆಟ್ಟಿಗೆಗಳ ರಾಶಿ, ಮೇಲೆ ಹೋಗಲು ಅದೊಂದೇ ದಾರಿ ಎಂಬ ಏರ್ಪಾಟು ಯಾದಗಿರಿಯ ಬಜಾರಿನಲ್ಲೂ ಅಪರೂಪವಲ್ಲ.

ಹತ್ತಿ ಈ ಸೀಮೆಯ ದೊಡ್ಡ ಬೆಳೆ, ಹಾಗಾಗಿ ಜಿನ್ನಿಂಗ್ ಮಿಲ್ಲು ಇಲ್ಲಿನ ವಿಶೇಷ ಪ್ರಕರಣ. ಗಾಳಿಯಲ್ಲಿ ತೇಲುವ ಅರಳೆಯ ಎಳೆಗಳು ಮೋಟರಿನ ಕಿವಿರಿನಂಥ ಸಂದುಗಳನ್ನು ಕಟ್ಟಿ ಅದನ್ನು ಕಾಯಿಸುತ್ತವೆ, ತೆರೆದ ಸ್ಟಾರ್ಟರಿನೊಳಗೆ ಕೂತು ಒಂದು ಕಿಡಿಗೆ ಕಾಯುತ್ತವೆ. ಧೂಳು ಹೊಗದ ಮುಚ್ಚಿದ ಮೋಟರು, ಮುಚ್ಚಿದ ಸ್ವಿಚ್ ಪೆಟ್ಟಿಗೆ, ಪಾಳಿ ಮುಗಿದ ಕೂಡಲೇ ಅರಳೆ ಗುಡಿಸುವುದು, ಇವು ಇಲ್ಲಿ ಪರೀಕ್ಷಕ ನೋಡಬೇಕಾದವು. ಬೇಳೆ ಗಿರಣಿಯ ಹುಡಿಗೂ ಇದೇ ಮಾತು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶದಂಥ ಕಡೆ ಹೈಟೆನ್ಶನ್ ಸಂಪರ್ಕ ಪಡೆಯುವ ಕಾರ್ಖಾನೆಗಳಿಗೆ ಪರಿವೀಕ್ಷಕರ ಒಪ್ಪಿಗೆ ಇಲ್ಲದೆ ಕರೆಂಟೇ ಹರಿಯದು. ದೊಡ್ಡವರಿಗೆ ಕಾವಲು ಬಿಗಿ.

2003ರ ಕಾಯ್ದೆಯ 54ನೇ ಕಲಮು ಹೆಚ್ಚು ಪ್ರಸಿದ್ಧವಲ್ಲದಿದ್ದರೂ ನಮ್ಮ ಭಾಗಕ್ಕೆ ಬಹಳ ಉಪಯುಕ್ತ. ಬೀದಿಯಲ್ಲಿ ಅಥವಾ ನೂರು ಜನ ಸೇರುವ ಕಡೆ, 250 ವಾಟ್ ಮತ್ತು 100 ವೋಲ್ಟ್ ಮೀರಿ ವಿದ್ಯುತ್ ಬಳಸುವುದಿದ್ದರೆ, ಏಳು ದಿನ ಮುಂಚೆ ಪರಿವೀಕ್ಷಕರಿಗೂ ಜಿಲ್ಲಾ ದಂಡಾಧಿಕಾರಿಗೂ ಲಿಖಿತ ನೋಟಿಸು ಕೊಡಬೇಕು. ಸಂಕ್ರಾಂತಿಯ ಮೈಲಾಪುರದ ಮಲ್ಲಯ್ಯನ ಜಾತ್ರೆ, ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನ ಜಾತ್ರೆಗಳಲ್ಲಿ ಎದ್ದು ನಿಲ್ಲುವ ತೊಟ್ಟಿಲು, ಮಿಠಾಯಿ ಅಂಗಡಿ, ನಾಟಕದ ಟೆಂಟು ಎಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಕಬ್ಬಿಣದ ಚೌಕಟ್ಟಿಗೆ ಕಟ್ಟಿ ನಿಲ್ಲಿಸುವ ಆಳೆತ್ತರದ ಚಿತ್ರಗಳ ಕಟೌಟುಗಳೂ ಅಪಾಯದ ವಸ್ತುಗಳೇ. 2024ರ ಜನವರಿ 8ರಂದು ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನೊಬ್ಬರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸುತ್ತಿದ್ದ ಮೂವರು ಯುವಕರು ವಿದ್ಯುತ್ ತಂತಿ ತಾಗಿ ಪ್ರಾಣ ಕಳೆದುಕೊಂಡರು.

ಮೇಲಿನ ತಂತಿ

ಊರು ಬೆಳೆದಂತೆ ಮನೆಗಳು ತಂತಿಯ ಕಡೆಗೆ ಏರುತ್ತವೆ. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಮೇಲ್ಮುಖವಾಗಿ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರ ಬೇಕು. ಕಡಿಮೆ ಒತ್ತಡದ ತಂತಿಗೆ 2.5 ಮತ್ತು 1.2 ಮೀಟರ್. ಮಾಳಿಗೆ ಮೇಲೆ ಇನ್ನೊಂದು ಅಂತಸ್ತು ಎತ್ತುವಾಗ ಮೇಸ್ತ್ರಿ ಉದ್ದದ ಸರಳನ್ನು ಎತ್ತಿ ನಿಲ್ಲಿಸುತ್ತಾನೆ, ಅಳತೆ ಆಗ ನೆನಪಾಗುತ್ತದೆ. ತಂತಿ ಸರಿಸಲು ಕಟ್ಟಡದವನೇ ಅರ್ಜಿ ಹಾಕಿ ಖರ್ಚು ಭರಿಸಬೇಕು ಎಂಬುದು ಎಷ್ಟೋ ಮಂದಿಗೆ ಗೊತ್ತಾಗುವುದು ಆಮೇಲೆ.

ಗದ್ದೆ, ಹೊಲಗಳಲ್ಲಿ ತಂತಿಗೆ ಹುಕ್ ಹಾಕುವ, ಒಂದು ಫೇಸ್ ಎಳೆದು ಬೋರಿನ ಪೈಪನ್ನೇ ನ್ಯೂಟ್ರಲ್ ಮಾಡಿ ದೀಪ ಹಚ್ಚುವ ರೂಢಿಗಳು ಯಾವ ಪರಿವೀಕ್ಷಣೆಗೂ ಸಿಗುವುದಿಲ್ಲ. ಇಂಥದೊಂದು ಹುಕ್ಕಿನ ಕಥೆ 2002ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಳೆಯ ರಾತ್ರಿ ಸೈಕಲ್ಲಿನಲ್ಲಿ ಮನೆಗೆ ಹೊರಟವನೊಬ್ಬ ರಸ್ತೆಯಲ್ಲಿ ಬಿದ್ದಿದ್ದ ತಂತಿಯ ಮೇಲೆ ಹಾದು ಸತ್ತ. ತಂತಿಯನ್ನು ಕಳ್ಳತನಕ್ಕೆ ಬೇರೆಯವರು ಎಳೆದದ್ದು, ತಮ್ಮ ತಪ್ಪಿಲ್ಲ ಎಂದಿತು ಮಧ್ಯಪ್ರದೇಶ ವಿದ್ಯುತ್ ಮಂಡಳಿ. ಅಪಾಯಕಾರಿ ವಸ್ತುವನ್ನು ಸಾಗಿಸುವವರೇ ಹೊಣೆ ಹೊರಬೇಕು ಎಂದು ನ್ಯಾಯಾಲಯ ಮಂಡಳಿಯನ್ನೇ ಬಾಧ್ಯಸ್ಥನನ್ನಾಗಿಸಿತು.

ಸಾವು ಸಂಭವಿಸಿದರೆ 24 ಗಂಟೆಯೊಳಗೆ ಪರಿವೀಕ್ಷಕರಿಗೆ ತಿಳಿಸಬೇಕು, 161ನೇ ಕಲಮಿನಡಿ ವಿಚಾರಣೆ ನಡೆಯುತ್ತದೆ. ತುಂಡಾದ ತಂತಿ ಕಂಡರೆ, ಬೋರ್ಡು ಸುಟ್ಟ ವಾಸನೆ ಬಂದರೆ ಸಹಾಯವಾಣಿ 1912. ವಿಚಾರಣೆಗೆ ಬಂದ ಅಧಿಕಾರಿ ಮೀಟರ್ ಬೋರ್ಡನ್ನು ದಾಟಿ ಒಳಗೆ ಹೋಗುತ್ತಾರೆ. ಕೂಲರಿನ ಪ್ಲಗ್ಗನ್ನು ಕೈಗೆತ್ತಿಕೊಂಡು ಪಿನ್ನುಗಳನ್ನು ಎಣಿಸುತ್ತಾರೆ.